ಶುಭಾಶಯವೋ ಶುಭಾಷಯವೋ? ಪದ ಬಿಡಿಸಿ ನೋಡುವುದನ್ನು ಕಲಿಯೋಣ

ನವೆಂಬರ್ 1 ಬಂತೆಂದರೆ ಊರಿನ ಪ್ರತಿ ಸರ್ಕಲ್‌ನಲ್ಲೂ ಒಂದೇ ಸಾಲು ಕಾಣುತ್ತದೆ: ‘ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು’. ನಾಲ್ಕೇ ಪದ. ಅದರಲ್ಲಿ ಮೂರು ಕಡೆ ಕಾಲು ಜಾರುತ್ತದೆ. ರಾಜ್ಯೋತ್ಸವದ ಯ-ಒತ್ತು ಬಿದ್ದುಹೋಗಿ ‘ರಾಜೋತ್ಸವ’ ಆಗುತ್ತದೆ. ಹಾರ್ದಿಕ ಒಂದು ಕಡೆ ‘ಆರ್ದಿಕ’, ಇನ್ನೊಂದು ಕಡೆ ‘ಹಾರ್ಧಿಕ’. ಶುಭಾಶಯವಂತೂ ‘ಶುಭಾಷಯ’ ಆಗಿ ಎಷ್ಟು ಕಡೆ ಕೂತಿದೆ ಎಂದರೆ, ಸರಿಯಾಗಿ ಬರೆದದ್ದನ್ನೇ ನೋಡಿ ಜನ ಅನುಮಾನ ಪಡುತ್ತಾರೆ. ಬರೆದವರು, ಬರೆಸಿದವರು, ಕೆಳಗೆ ಫೋಟೊ ಹಾಕಿಸಿಕೊಂಡವರು, ಎಲ್ಲರೂ ಕನ್ನಡದವರೇ. ಭಾಷೆಯ ಮೇಲೆ ಅವರಿಗಿರುವ ಪ್ರೀತಿಯಲ್ಲಿ ನನಗೆ ಅನುಮಾನ ಇಲ್ಲ. ಪದವನ್ನು ಕಿವಿಯಲ್ಲಿ ಕೇಳಿ ಕಲಿತಿದ್ದಾರೆ, ಬಿಡಿಸಿ ನೋಡಿಲ್ಲ, ಅಷ್ಟೇ.

ಹತ್ತನೇ ಕ್ಲಾಸು ಮುಗಿದ ಮೇಲೆ ನಮ್ಮ ಕನ್ನಡವನ್ನು ತಿದ್ದುವವರು ಯಾರೂ ಇರುವುದಿಲ್ಲ. ಆಫೀಸಿನ ಇಂಗ್ಲಿಷ್ ತಪ್ಪಿದರೆ ಯಾರಾದರೂ ಹೇಳುತ್ತಾರೆ. ಕನ್ನಡ ತಪ್ಪಿದರೆ ‘ಅರ್ಥ ಆಯ್ತಲ್ವಾ, ಬಿಡಿ’ ಎಂದು ಮುಂದೆ ಹೋಗುತ್ತಾರೆ. ಹಾಗಾಗಿ ಒಂದು ತಪ್ಪು ನಮ್ಮ ಜೊತೆಯಲ್ಲೇ ನಲವತ್ತು, ಐವತ್ತರ ತನಕ ಬರುತ್ತದೆ. ಇದನ್ನು ಸರಿಮಾಡಿಕೊಳ್ಳಲು ವ್ಯಾಕರಣದ ಪಂಡಿತರಾಗಬೇಕಿಲ್ಲ. ತಪ್ಪು-ಒಪ್ಪಿನ ಉದ್ದ ಪಟ್ಟಿ ಬಾಯಿಪಾಠ ಮಾಡುವುದೂ ಬೇಡ. ಪಟ್ಟಿ ನಾಳೆಗೆ ಮರೆತುಹೋಗುತ್ತದೆ. ಪದ ಹೇಗೆ ಕೂಡಿಕೊಂಡಿದೆ ಎಂದು ಒಮ್ಮೆ ಬಿಡಿಸಿ ನೋಡಿದರೆ ಅದು ಮತ್ತೆ ತಪ್ಪುವುದು ಕಷ್ಟ.

ಮೊದಲ ಹೆಜ್ಜೆ: ಊರ ಮಾತನ್ನೂ ತಪ್ಪನ್ನೂ ಬೇರೆ ಮಾಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಬಹಳ ಜನರಿಗೆ ನೋವಾಗಿದೆ. ಹಳೇ ಮೈಸೂರಿನ ಹಳ್ಳಿಯವರು ‘ಓಗ್ಬುಟ್ ಬತ್ತೀನಿ’ ಎಂದರೆ ಅದು ತಪ್ಪಲ್ಲ. ಧಾರವಾಡದ ಕಡೆ ‘ಹುಡುಗ ಸಾಲಿಗೆ ಹೋಗ್ಯಾನ’ ಎಂದರೆ ಅದೂ ತಪ್ಪಲ್ಲ. ಅದು ಆ ಊರಿನ ಕನ್ನಡ. ಶಕಾರ ಸಕಾರವಾಗುವುದು, ಮಹಾಪ್ರಾಣ (ಖ, ಧ, ಭ ಥರದವು) ಅಲ್ಪಪ್ರಾಣವಾಗುವುದು (ಕ, ದ, ಬ ಥರದವು) ಕನ್ನಡದ ನಾಲಿಗೆಗೆ ಹೊಸದೇನಲ್ಲ. ಶರ್ಕರಾ ನಮ್ಮಲ್ಲಿ ಸಕ್ಕರೆ ಆಯಿತು. ಶ್ರೀ ಸಿರಿ ಆಯಿತು, ಧ್ವನಿ ದನಿ ಆಯಿತು, ವರ್ಣ ಬಣ್ಣ ಆಯಿತು. ಶಾಲೆಯಲ್ಲಿ ಇವನ್ನೇ ತದ್ಭವ ಎಂದು ಓದಿದ್ದೇವೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ಇನ್ನೂ ಮುಂದೆ ಹೋಗಿ, ಕನ್ನಡಿಗರು ಆಡದ ಮಹಾಪ್ರಾಣ ಅಕ್ಷರಗಳು ಬರಹದಲ್ಲೂ ಬೇಡ ಎಂದರು. ತಮ್ಮ ಹೆಸರನ್ನೂ ‘ಬಟ್’ ಎಂದೇ ಬರೆದರು. ಅವರ ಮಾತನ್ನು ಒಪ್ಪದವರೂ ಬಹಳ ಜನ ಇದ್ದಾರೆ. ಆದರೆ ‘ಓಗು’ ಎಂದವನನ್ನು ತರಗತಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ನಗುವುದು ಭಾಷೆಯ ಸೇವೆ ಅಲ್ಲ ಎಂಬುದನ್ನು ಎಲ್ಲರೂ ಒಪ್ಪಬೇಕು.

ಹಾಗಾದರೆ ತಿದ್ದಿಕೊಳ್ಳಬೇಕಾದ್ದು ಯಾವುದು? ನನ್ನ ಲೆಕ್ಕದಲ್ಲಿ ಎರಡು. ಬರಹದಲ್ಲಿ ಬರುವ ತಪ್ಪು ಒಂದು. ಅರ್ಥವನ್ನೇ ಬದಲಿಸುವ ತಪ್ಪು ಇನ್ನೊಂದು. ಮನೆಯಲ್ಲಿ, ಸಂತೆಯಲ್ಲಿ ನಿಮ್ಮ ಊರಿನ ಮಾತನ್ನೇ ಆಡಿ. ವೇದಿಕೆಯಲ್ಲಿ, ಪತ್ರದಲ್ಲಿ, ಮದುವೆ ಕಾರ್ಡಿನಲ್ಲಿ ಸ್ವಲ್ಪ ಎಚ್ಚರ ಇರಲಿ.

ಎಚ್ಚರ ಜಾಸ್ತಿಯಾದರೂ ತೊಂದರೆಯೇ. ‘ಹ’ ಬಿಟ್ಟುಹೋದೀತು ಎಂದು ಹೆದರಿ, ಇಲ್ಲದ ಕಡೆ ಹ ಸೇರಿಸುವವರಿದ್ದಾರೆ. ‘ಆದರದ ಸ್ವಾಗತ’ ಎನ್ನುವಲ್ಲಿ ‘ಹಾದರದ ಸ್ವಾಗತ’ ಎಂದುಬಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಯೇ ‘ದನಿ ಎತ್ತಿದರು’ ಎಂಬುದನ್ನು ‘ಧನಿ ಎತ್ತಿದರು’ ಎಂದು ಬರೆಯುತ್ತಾರೆ. ಧನಿ ಎಂದರೆ ಹಣವಂತ. ‘ದೀರ್ಘ’ವನ್ನು ‘ಧೀರ್ಘ’ ಮಾಡುವುದೂ ಇದೇ ಹೆದರಿಕೆಯಿಂದ.

ಎರಡನೇ ಹೆಜ್ಜೆ: ಪದವನ್ನು ಬಿಡಿಸಿ

ಇದೇ ಮುಖ್ಯವಾದ ಹೆಜ್ಜೆ. ಅನುಮಾನ ಬಂದ ಪದವನ್ನು ತೆಗೆದುಕೊಳ್ಳಿ, ಎಲ್ಲಿ ಕೂಡಿದೆ ಎಂದು ನೋಡಿ, ಎರಡು ತುಂಡು ಮಾಡಿ.

ಶುಭ + ಆಶಯ. ಆಶಯ ಎನ್ನುವ ಪದ ನಿಮಗೆ ಗೊತ್ತು. ‘ಆಷಯ’ ಎಂದು ಯಾರೂ ಬರೆಯುವುದಿಲ್ಲ. ಅಂದಮೇಲೆ ಶುಭಾಷಯ ಹೇಗೆ ಬಂದೀತು? ಹಾರ್ದಿಕ ಎಂದರೆ ಹೃದಯದಿಂದ ಬಂದದ್ದು. ಹೃದಯಕ್ಕೆ ಹ ಇದೆ, ಹಾಗಾಗಿ ಹಾರ್ದಿಕಕ್ಕೂ ಹ. ಹೃದಯದಲ್ಲಿರುವುದು ದ, ಹಾಗಾಗಿ ಹಾರ್ದಿಕದಲ್ಲೂ ದ. ರಾಜ್ಯ + ಉತ್ಸವ, ಆದ್ದರಿಂದ ರಾಜ್ಯೋತ್ಸವ. ಮೂರೂ ಪದಗಳ ಕೆಲಸ ಮುಗಿಯಿತು.

ಈಗ ದುಡ್ಡಿನ ಲೆಕ್ಕಕ್ಕೆ ಬನ್ನಿ. ‘ಕೋಟ್ಯಾಂತರ ರೂಪಾಯಿ’ ಎಂದು ಸುದ್ದಿಯಲ್ಲಿ ದಿನಾ ಕೇಳುತ್ತೇವೆ. ಕೋಟಿ + ಅಂತರ ಸೇರಿದರೆ ಕೋಟ್ಯಂತರ. ಶಾಲೆಯ ಯಣ್ ಸಂಧಿ ನೆನಪಿದ್ದರೆ ಸರಿ, ಇಲ್ಲದಿದ್ದರೂ ಪರವಾಗಿಲ್ಲ. ಇಕಾರದ ಮುಂದೆ ಅಕಾರ ಬಂದರೆ ‘ಯ’ ಆಗುತ್ತದೆ, ‘ಯಾ’ ಆಗುವುದಿಲ್ಲ. ಅತಿ + ಅಂತ ಅತ್ಯಂತ ಆಗುವುದು ಹೀಗೆಯೇ. ಅದನ್ನು ಯಾರೂ ‘ಅತ್ಯಾಂತ’ ಎನ್ನುವುದಿಲ್ಲ ಅಲ್ವಾ? ಈ ತಪ್ಪು ಬಂದದ್ದು ‘ಲಕ್ಷಾಂತರ’ದ ಪಕ್ಕದಲ್ಲಿ ಕೂತು. ಲಕ್ಷ + ಅಂತರದಲ್ಲಿ ಎರಡು ಅಕಾರ ಸೇರಿ ಉದ್ದವಾಗುತ್ತದೆ. ಕೋಟಿಯ ಕೊನೆಯಲ್ಲಿ ಅಕಾರವೇ ಇಲ್ಲ. ಇದೇ ಲೆಕ್ಕದಲ್ಲಿ ಕೋಟ್ಯಧಿಪತಿ ಸರಿ, ಕೋಟ್ಯಾಧಿಪತಿ ತಪ್ಪು. ಜಾತಿ + ಅತೀತ ಜಾತ್ಯತೀತ, ಜಾತ್ಯಾತೀತ ಅಲ್ಲ.

ಹೋಟೆಲ್ ಬೋರ್ಡು ನೋಡಿ. ‘ಉಪಹಾರ ಮಂದಿರ’ ಎಂದು ಎಷ್ಟೋ ಕಡೆ ಇದೆ. ಉಪ + ಆಹಾರ = ಉಪಾಹಾರ, ಅಂದರೆ ತಿಂಡಿ. ಉಪಹಾರ ಎಂಬ ಬೇರೆ ಪದವೇ ಇದೆ, ಅದರ ಅರ್ಥ ಕಾಣಿಕೆ. ಒಂದು ದೀರ್ಘದ ವ್ಯತ್ಯಾಸದಲ್ಲಿ ಇಡ್ಲಿ-ವಡೆ ಕಾಣಿಕೆಯಾಗಿಬಿಡುತ್ತದೆ.

‘ಅನಾನುಕೂಲ’ ಇನ್ನೊಂದು. ಅನ್ + ಅನುಕೂಲ, ಆದ್ದರಿಂದ ಅನನುಕೂಲ. ಬಾಯಿಗೆ ಅನಾನುಕೂಲವೇ ಸುಲಭ, ಆದ್ದರಿಂದ ಅದು ಹಬ್ಬಿದೆ. ಬರೆಯುವಾಗ ಅನನುಕೂಲ ಎಂದೇ ಬರೆಯಿರಿ ಎನ್ನುತ್ತೇನೆ. ಧಾರಾವಾಹಿಯನ್ನು ‘ಧಾರವಾಹಿ’ ಎನ್ನುವವರೂ ಬಹಳ. ಧಾರೆಯಾಗಿ ಹರಿದು ಬರುವುದು ಧಾರಾವಾಹಿ. ಬಹುಶಃ, ಪ್ರಾಯಶಃ, ಅಕ್ಷರಶಃ, ಕ್ರಮಶಃ, ಇವೆಲ್ಲ ಒಂದೇ ಮನೆಯವು. ಕೊನೆಗೆ ಬರುವುದು ‘ಶಃ’. ‘ಬಹುಷಃ’ ಎಂಬ ಪದವೇ ಇಲ್ಲ.

ಕೆಲವು ಜೋಡಿಗಳಲ್ಲಿ ಬಿಡಿಸಿ ನೋಡದಿದ್ದರೆ ಅರ್ಥವೇ ತಿರುಗಿಬೀಳುತ್ತದೆ. ಇವನ್ನು ನಿಧಾನವಾಗಿ ಓದಿ.

ಪ್ರದಾನ, ಪ್ರಧಾನ. ಪ್ರದಾನದ ಹೊಟ್ಟೆಯಲ್ಲಿ ‘ದಾನ’ ಇದೆ, ಅಂದರೆ ಕೊಡುವುದು. ಪ್ರಶಸ್ತಿ ಪ್ರದಾನ ಸಮಾರಂಭ. ಪ್ರಧಾನ ಎಂದರೆ ಮುಖ್ಯ. ಪ್ರಧಾನ ಮಂತ್ರಿ, ಪ್ರಧಾನ ಕಾರ್ಯದರ್ಶಿ. ‘ಪ್ರಶಸ್ತಿ ಪ್ರಧಾನ’ ಎಂಬ ಬ್ಯಾನರು ಪ್ರಶಸ್ತಿ ಕೊಡುವ ಮಾತನ್ನೇ ಆಡುತ್ತಿಲ್ಲ.

ಮದ್ಯ, ಮಧ್ಯ. ಮದ ಏರಿಸುವುದು ಮದ್ಯ. ನಡು ಎಂಬುದು ಮಧ್ಯ. ಮಧ್ಯಾಹ್ನ ಎಂದರೆ ಮಧ್ಯ + ಅಹ್ನ, ದಿನದ ನಡು. ‘ಮಧ್ಯಪಾನ ನಿಷೇಧ’ ಎಂದು ಬರೆದ ಗೋಡೆ ಯಾವುದನ್ನೂ ನಿಷೇಧಿಸುವುದಿಲ್ಲ.

ಗೃಹ, ಗ್ರಹ. ಮನೆ ಗೃಹ, ಶನಿ-ಗುರು ಗ್ರಹ. ಗೃಹಪ್ರವೇಶದ ಕಾರ್ಡಿನಲ್ಲಿ ‘ಗ್ರಹಪ್ರವೇಶ’ ಎಂದು ಅಚ್ಚಾದರೆ, ಜಾತಕ ನಂಬುವ ಹಿರಿಯರ ಮುಖ ಸಪ್ಪೆಯಾಗುವುದು ಸಹಜ.

ನಿಧನ, ನಿಧಾನ, ನಿದಾನ. ಮೊದಲನೆಯದು ಸಾವು, ಎರಡನೆಯದು ಮೆಲ್ಲಗೆ. ಮೂರನೆಯದು ಆಯುರ್ವೇದದವರ ಪದ, ರೋಗದ ಮೂಲ ಪತ್ತೆ ಮಾಡುವುದು.

ಎಲ್ಲಕ್ಕಿಂತ ಅಪಾಯದ ಜೋಡಿ ಕೃತಜ್ಞ ಮತ್ತು ಕೃತಘ್ನ. ಕೃತ ಎಂದರೆ ಮಾಡಿದ ಉಪಕಾರ. ‘ಜ್ಞ’ ಎಂದರೆ ತಿಳಿದವನು. ಸರ್ವಜ್ಞ, ತಜ್ಞ ಪದಗಳಲ್ಲಿ ಇರುವುದು ಇದೇ. ‘ಘ್ನ’ ಎಂದರೆ ಕೊಲ್ಲುವವನು, ಶತ್ರುಘ್ನ ಎನ್ನುವಲ್ಲಿ ಬರುವಂತೆ. ಉಪಕಾರ ನೆನೆಯುವವನು ಕೃತಜ್ಞ, ಉಪಕಾರವನ್ನು ಕೊಂದುಹಾಕುವವನು ಕೃತಘ್ನ. ತೊಂದರೆ ಏನೆಂದರೆ, ನಾವು ಜ್ಞ ಅಕ್ಷರವನ್ನು ‘ಗ್ನ’ ಎಂದೇ ಹೇಳುತ್ತೇವೆ. ಘ್ನ ಅಕ್ಷರದ ಮಹಾಪ್ರಾಣವನ್ನೂ ನುಂಗುತ್ತೇವೆ. ಎರಡೂ ಕಿವಿಗೆ ಒಂದೇ ಆಗುತ್ತದೆ. ಹಾಗಾಗಿ ವಂದನಾರ್ಪಣೆ ಮಾಡುವವರು ‘ನಾನು ನಿಮಗೆ ಚಿರಕೃತಘ್ನ’ ಎಂದು ಮನಸಾರೆ ಬರೆದು ಓದುತ್ತಾರೆ. ನಿಮಗೂ ಅನುಮಾನ ಬಂದರೆ ‘ಋಣಿ’ ಎನ್ನಿ. ‘ನಿಮ್ಮ ಉಪಕಾರ ಮರೆಯಲಾರೆ’ ಎಂದರೆ ಇನ್ನೂ ಚೆಂದ.

ಮೂರನೇ ಹೆಜ್ಜೆ: ಒತ್ತು ಎಲ್ಲಿ ಬೀಳುತ್ತದೆ ನೋಡಿ

‘ಆಶೀರ್ವಾದ’ವನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆಯಿರಿ. ಈಗ ಗಟ್ಟಿಯಾಗಿ ಓದಿ: ಆ, ಶೀರ್, ವಾ, ದ. ‘ರ್’ ಎಂಬ ಸದ್ದು ‘ಶೀ’ ಆದ ಮೇಲೆ ಕೇಳಿತು. ಆದರೆ ಆ ಸದ್ದಿನ ಗುರುತು, ಅಂದರೆ ಅರ್ಕಾವತ್ತು, ಕೂತಿರುವುದು ‘ವಾ’ ಅಕ್ಷರದ ಪಕ್ಕದಲ್ಲಿ. ಅರ್ಕಾವತ್ತಿನ ಗುಣವೇ ಅದು: ಯಾವ ಅಕ್ಷರದ ಮುಂದೆ ಬರೆಯುತ್ತೇವೋ ಅದಕ್ಕಿಂತ ಮೊದಲು ಸದ್ದು ಮಾಡುತ್ತದೆ. ಇದು ಗೊತ್ತಿಲ್ಲದವರು, ಸದ್ದು ‘ಶೀ’ ಪಕ್ಕ ಕೇಳಿತಲ್ಲ ಎಂದು ಅಲ್ಲೇ ಗುರುತು ಹಾಕುತ್ತಾರೆ. ಆಗ ಅದು ‘ಆರ್ಶೀವಾದ’ ಆಗುತ್ತದೆ. ಮದುವೆ ಕಾರ್ಡುಗಳಲ್ಲಿ ಇಷ್ಟು ಸಲ ಕಾಣುವ ತಪ್ಪು ಬೇರೆ ಇಲ್ಲ. ಕಾರಣ ತಿಳಿದ ಮೇಲೆ ಇದು ತಾನಾಗಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗಲೂ ಅರ್ಕಾವತ್ತು ಜಾಗ ತಪ್ಪುತ್ತದೆ. ವಾರ್ಷಿಕ ಹೋಗಿ ‘ವಾಷಿರ್ಕ’ ಆಗುವುದು ಹಾಗೆ. ಅದು ಬರೆದವರ ತಪ್ಪಲ್ಲ, ಆದರೆ ನೋಡಿ ತಿದ್ದುವುದು ನಮ್ಮ ಕೆಲಸ.

ಎರಡನೆಯದು, ಒಂದೇ ವರ್ಗದ ಅಲ್ಪಪ್ರಾಣವೂ ಮಹಾಪ್ರಾಣವೂ ಒತ್ತಿನಲ್ಲಿ ಸೇರಿದಾಗ ಅಲ್ಪಪ್ರಾಣ ಮೇಲೆ, ಮಹಾಪ್ರಾಣ ಕೆಳಗೆ. ಬುದ್ಧಿ, ಯುದ್ಧ, ಶುದ್ಧ, ಪ್ರಸಿದ್ಧ, ಸ್ವಚ್ಛ, ಇಚ್ಛೆ. ‘ಸ್ವಛ್ಛ’ ಇಲ್ಲ, ‘ಬುಧ್ದಿ’ ಇಲ್ಲ. ಇದ್ದ, ಬಿದ್ದ, ಎದ್ದ, ಉದ್ದ, ಮುದ್ದೆ, ಇವೆಲ್ಲ ಅಚ್ಚಗನ್ನಡ ಪದಗಳು, ಇವಕ್ಕೆ ಮಹಾಪ್ರಾಣದ ಗೊಡವೆಯೇ ಇಲ್ಲ.

ಶ್ರದ್ಧಾಂಜಲಿಯಲ್ಲಿ ಎರಡೂ ಸೇರಿವೆ. ಶ್ರದ್ಧಾ + ಅಂಜಲಿ. ಶ್ರ ಅಕ್ಷರಕ್ಕೆ ರ-ಒತ್ತು, ವಟ್ರಸುಳಿ (ಕೃ, ಗೃ ಅಕ್ಷರಗಳಲ್ಲಿ ಬರುವ ಗುರುತು) ಅಲ್ಲ. ಆಮೇಲೆ ದ್ಧ. ‘ಶೃದ್ದಾಂಜಲಿ’ ಎಂದು ಬರೆದರೆ ಎರಡೂ ಕಡೆ ತಪ್ಪಿದಂತೆ. ದುಃಖದ ಮನೆಯವರು ಇದನ್ನೆಲ್ಲ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಫ್ಲೆಕ್ಸ್ ಮಾಡಿಸುವ ಜವಾಬ್ದಾರಿ ಹೊತ್ತ ಗೆಳೆಯರು ನೋಡಬೇಕು.

ವಟ್ರಸುಳಿಯ ಪದಗಳು ಹೆಚ್ಚಿಲ್ಲ, ಪರಿಚಯ ಮಾಡಿಕೊಳ್ಳಿ: ಕೃಷ್ಣ, ಹೃದಯ, ಗೃಹ, ಕೃಪೆ, ಕೃಷಿ, ಪೃಥ್ವಿ, ವೃಕ್ಷ, ವೃತ್ತಿ, ದೃಷ್ಟಿ, ಸೃಷ್ಟಿ, 'ಶೃಂಗೇರಿ'ಯ ಶೃಂಗ.

ಇನ್ನು ಬ್ರಹ್ಮ, ಚಿಹ್ನೆ, ಮಧ್ಯಾಹ್ನ, ಆಹ್ವಾನ, ಪ್ರಹ್ಲಾದ. ಎಲ್ಲದರಲ್ಲೂ ಹ ಮೇಲೆ, ಇನ್ನೊಂದು ಅಕ್ಷರ ಕೆಳಗೆ. ಆಡುವಾಗ ‘ಬ್ರಮ್ಹ’, ‘ಚಿನ್ಹೆ’ ಎನ್ನುವವರೇ ಜಾಸ್ತಿ. ಸರಿಯಾಗಿ ಹೇಳುವ ಆಸೆ ಇದ್ದರೆ ‘ಬ್ರಹ್’ ಎಂದು ಉಸಿರು ಬಿಟ್ಟು, ಆಮೇಲೆ ತುಟಿ ಮುಚ್ಚಿ ‘ಮ’ ಎನ್ನಿ. ಎರಡು ದಿನ ಹೇಳಿದರೆ ನಾಲಿಗೆ ತಿರುಗುತ್ತದೆ. ಬರೆಯುವಾಗ ಮಾತ್ರ ಹ ಮೇಲೆಯೇ ಇರಲಿ.

ನಾಲ್ಕನೇ ಹೆಜ್ಜೆ: ಮಹಾಪ್ರಾಣಕ್ಕೆ ಅಂಗೈ, ಶ-ಷಗಳಿಗೆ ನೆರೆಮನೆ

ಬಾಯಿಯ ಮುಂದೆ ಅಂಗೈ ಹಿಡಿಯಿರಿ. ‘ಪಲ’ ಎನ್ನಿ, ಆಮೇಲೆ ‘ಫಲ’ ಎನ್ನಿ. ಎರಡನೆಯದಕ್ಕೆ ಬಿಸಿ ಉಸಿರು ಅಂಗೈಗೆ ತಾಗಬೇಕು. ತುಟಿ ಎರಡೂ ಕೂಡಬೇಕು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಅದು ಫ್ಯಾನು, ಫೋನಿನ ಸದ್ದು. ಫಲ, ಫಲಿತಾಂಶ, ಫಲಾನುಭವಿ ಪದಗಳನ್ನು ಈಗ ಬಹುಪಾಲು ಮಂದಿ ಫ್ಯಾನಿನ ಸದ್ದಿನಲ್ಲೇ ಹೇಳುತ್ತಾರೆ. ಕ-ಖ, ತ-ಥ, ದ-ಧ, ಬ-ಭ ಜೋಡಿಗಳಿಗೂ ಇದೇ ಪರೀಕ್ಷೆ.

ಮಹಾಪ್ರಾಣದಲ್ಲಿ ಇನ್ನೊಂದು ಮಜಾ ಇದೆ. ಪದದಲ್ಲಿ ಎಲ್ಲೋ ಒಂದು ಮಹಾಪ್ರಾಣ ಇದೆ ಎಂದು ನೆನಪಿರುತ್ತದೆ, ಯಾವ ಅಕ್ಷರಕ್ಕೆ ಎಂದು ನೆನಪಿರುವುದಿಲ್ಲ. ಆಗ ಅದು ಒಂದು ಮನೆ ಹಿಂದೆ ಸರಿಯುತ್ತದೆ. ಬೋಧನೆ ‘ಭೋದನೆ’ ಆಗುತ್ತದೆ, ಬಾಧೆ ‘ಭಾದೆ’ ಆಗುತ್ತದೆ. ಬುದ್ಧನನ್ನು ನೆನೆಸಿಕೊಳ್ಳಿ, ಬೋಧಿಯನ್ನು ನೆನೆಸಿಕೊಳ್ಳಿ. ಅಲ್ಲಿ ಬ ಮೊದಲು, ಧ ಆಮೇಲೆ. ಬೋಧನೆಯೂ ಅದೇ ಮೂಲದ್ದು. ವಿದ್ಯೆಗೆ ಮಹಾಪ್ರಾಣ ಇಲ್ಲ, ಹಾಗಾಗಿ ವಿದ್ಯಾರ್ಥಿಯ ‘ದ್ಯಾ’ ಅಕ್ಷರಕ್ಕೂ ಇಲ್ಲ. ಅದು ಇರುವುದು ‘ಅರ್ಥಿ’ಯ ಥಿ ಅಕ್ಷರಕ್ಕೆ.

ಷ್ಟ, ಷ್ಠ ಗೊಂದಲಕ್ಕೆ ಒಂದು ಸುಲಭ ದಾರಿ: ‘ಎಲ್ಲಕ್ಕಿಂತ’ ಎಂಬ ಅರ್ಥ ಇದ್ದರೆ ಷ್ಠ. ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ, ಬಲಿಷ್ಠ. ಕಷ್ಟ, ನಷ್ಟ, ಇಷ್ಟ, ಸ್ಪಷ್ಟ, ವಿಶಿಷ್ಟ, ಪರಿಶಿಷ್ಟ, ಇವಕ್ಕೆ ಆ ಅರ್ಥ ಇಲ್ಲ, ಷ್ಟ ಸಾಕು. ನಿಷ್ಠೆ, ಪ್ರತಿಷ್ಠೆ, ಅನುಷ್ಠಾನ ಈ ಲೆಕ್ಕಕ್ಕೆ ಸೇರದೆಯೂ ಷ್ಠ ಇಟ್ಟುಕೊಂಡಿವೆ. ಅವನ್ನು ಹಾಗೇ ನೆನಪಿಡಬೇಕು.

ಶ, ಷ ಯಾವುದು ಎಂದು ತಿಳಿಯಬೇಕಾದರೆ ಪಕ್ಕದ ಅಕ್ಷರ ನೋಡಿ. ಸಂಸ್ಕೃತದಿಂದ ಬಂದ ಪದಗಳಲ್ಲಿ ಚ-ಛ ಜೊತೆ ಒತ್ತಾಗಿ ಸೇರುವುದು ಶ: ಆಶ್ಚರ್ಯ, ಪಶ್ಚಿಮ, ನಿಶ್ಚಿತಾರ್ಥ, ಪ್ರಾಯಶ್ಚಿತ್ತ. ಟ, ಠ, ಣ ಜೊತೆ ಷ: ಕಷ್ಟ, ಶ್ರೇಷ್ಠ, ವಿಷ್ಣು, ಉಷ್ಣ. ಒಂದೇ ಪದದಲ್ಲಿ ಎರಡೂ ಇದ್ದರೆ ಸಾಮಾನ್ಯವಾಗಿ ಶ ಮೊದಲು, ಷ ಆಮೇಲೆ: ಶೇಷ, ವಿಶೇಷ, ಶಿಷ್ಯ, ಶೋಷಣೆ, ಶೀರ್ಷಿಕೆ. ಷೋಡಶ ಮಾತ್ರ ಹಟ ಮಾಡಿ ತಿರುಗಿ ನಿಂತಿದೆ.

ಕೆಲವು ಜಗಳಗಳು ಬೇಡ. ಉಜ್ವಲ-ಉಜ್ಜ್ವಲ, ಅವಶ್ಯಕತೆ-ಆವಶ್ಯಕತೆ, ಮಹತ್ವ-ಮಹತ್ತ್ವ. ಪ್ರತಿ ಜೋಡಿಯಲ್ಲೂ ಮೂಲರೂಪ ಎರಡನೆಯದು ಎಂದು ತಿಳಿದಿರಲಿ, ಸಾಕು. ಇನ್ನೊಂದನ್ನು ಬರೆದವರ ಮೇಲೆ ಮುಗಿಬೀಳಬೇಕಿಲ್ಲ, ಬಳಕೆ ಅದನ್ನೂ ಒಪ್ಪಿದೆ. ಸನ್ಮಾನ, ಸಮ್ಮಾನ ಎರಡೂ ಸರಿಯೇ.

ಐದನೇ ಹೆಜ್ಜೆ: ಗಾದೆಯೊಳಗಿನ ವಸ್ತು ಯಾವುದು ಎಂದು ಕೇಳಿ

ಗಾದೆಗಳು ತಪ್ಪುವುದು ಬೇರೆ ಕಾರಣಕ್ಕೆ. ಗಾದೆ ಹುಟ್ಟಿದ್ದು ಹೊಲ, ಕೆರೆ, ಕಣಜ, ತೊಟ್ಟಿಲಿನ ಸುತ್ತ. ಅಲ್ಲಿದ್ದ ಸಾಮಾನು ಈಗ ನಮ್ಮ ಮನೆಯಲ್ಲಿ ಇಲ್ಲ. ಪದ ಬಾಯಲ್ಲಿ ಉಳಿದಿದೆ, ವಸ್ತು ಕಣ್ಣಿಂದ ಮರೆಯಾಗಿದೆ. ಹಾಗಾಗಿ ಗಾದೆ ಕೇಳಿದಾಗ ‘ಇದರಲ್ಲಿ ನನಗೆ ಗೊತ್ತಿಲ್ಲದ ವಸ್ತು ಯಾವುದು’ ಎಂದು ಕೇಳಿಕೊಳ್ಳಿ.

‘ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ’. ಬಳ್ಳ ಎಂದರೆ ಬಳ್ಳಿ ಅಲ್ಲ, ಕಾಳು ಅಳೆಯುವ ಅಳತೆ. ಒಂದೊಂದೇ ತೆನೆ ಸೇರಿ ಒಂದು ಬಳ್ಳ ಕಾಳಾಗುತ್ತದೆ.

‘ಕೂಸು ಹುಟ್ಟುವ ಮುಂಚೆ ಕುಲಾವಿ’. ಕುಲಾವಿ ಎಂದರೆ ಮಗುವಿನ ಟೋಪಿ. ತೊಟ್ಟಿಲು ಎಂದುಕೊಂಡವರು ಬಹಳ ಜನ.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’. ಇಲ್ಲಿ ಕಾಲು ಎಂದರೆ ನಡೆಯುವ ಕಾಲಲ್ಲ, ನಾಲ್ಕರಲ್ಲಿ ಒಂದು ಪಾಲು. ಒಕ್ಕಾಲು, ಮುಕ್ಕಾಲು ಸೇರಿದರೆ ಪೂರ್ತಿ ಒಂದು. ಓದು ಬೇಡ ಎಂದು ಈ ಗಾದೆ ಹೇಳುತ್ತಿಲ್ಲ. ಓದಿಲ್ಲದೆ ಲೆಕ್ಕ ಮುಕ್ಕಾಲಿಗೇ ನಿಲ್ಲುತ್ತದೆ ಎಂಬುದೂ ಇದರಲ್ಲಿದೆ. ಓದದೆ ಇರುವುದಕ್ಕೆ ಇದನ್ನು ನೆಪ ಮಾಡಿಕೊಂಡರೆ ಗಾದೆಗೆ ಅನ್ಯಾಯ.

‘ಅತ್ತ ದರಿ, ಇತ್ತ ಪುಲಿ’. ದರಿ ಎಂದರೆ ಆಳವಾದ ಕಂದರ. ಪುಲಿ ಎಂದರೆ ಹುಲಿ. ಹಳಗನ್ನಡದ ಎಷ್ಟೋ ಪಕಾರ ಆಮೇಲೆ ಹಕಾರವಾಯಿತು: ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ಈ ಗಾದೆ ಮಾತ್ರ ತನ್ನ ಹಳೇ ಹುಲಿಯನ್ನು ಹಾಗೇ ಕಟ್ಟಿಕೊಂಡು ಬಂದಿದೆ. ದರಿಯನ್ನು ‘ದಾರಿ’ ಮಾಡಬೇಡಿ. ಅತ್ತ ದಾರಿ ಇದ್ದರೆ ಕಷ್ಟವೇ ಇಲ್ಲವಲ್ಲ.

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’. ಏರಿ ಎಂದರೆ ಎತ್ತರದ ದಡ, ಕೆರೆ ಏರಿ ಎನ್ನುತ್ತೇವಲ್ಲ ಅದೇ. ಕೋಣಕ್ಕೆ ನೀರು ಕಂಡರೆ ಪ್ರಾಣ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ನೇಗಿಲು ಮುಂದೆ ಹೋಗುವುದು ಹೇಗೆ? ‘ಅನ್ನ ಹಾಕಿದ ಮನೆಗೆ ಕನ್ನ ಹಾಕಬೇಡ’ ಎನ್ನುವಲ್ಲಿ ಕನ್ನ ಎಂದರೆ ಕಳ್ಳರು ಗೋಡೆಗೆ ಕೊರೆಯುವ ತೂತು. ‘ಮೀನಮೇಷ ಎಣಿಸುವುದು’ ರಾಶಿಗಳ ಲೆಕ್ಕ: ಮೇಷ ಮೊದಲನೆಯದು, ಮೀನ ಹನ್ನೆರಡನೆಯದು. ‘ಮೀನಾ’ ಎಂಬ ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ, ದೀರ್ಘ ಬೇಡ.

ವಸ್ತು ಗೊತ್ತಿದ್ದೂ ಬಳಕೆ ತಪ್ಪುವ ಮಾತುಗಳಿವೆ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುವುದು ಹಿತ್ತಲ ಗಿಡದ ಮೇಲಿನ ದೂರಲ್ಲ. ಹತ್ತಿರ ಇದ್ದದ್ದಕ್ಕೆ ಬೆಲೆ ಕೊಡದ ನಮ್ಮ ಮೇಲಿನ ದೂರು. ‘ನಾಂದಿ ಹಾಡಿದರು’ ಎಂದರೆ ಶುರುಮಾಡಿದರು. ‘ಮಂಗಳ ಹಾಡಿದರು’ ಎಂದರೆ ಮುಗಿಸಿದರು. ಕಛೇರಿ, ಹರಿಕಥೆಗಳ ಕೊನೆಯಲ್ಲಿ ಮಂಗಳ ಹಾಡುವುದರಿಂದ ಆ ಮಾತು ಬಂತು. ಮಂಗಳ ಎಂಬ ಒಳ್ಳೆಯ ಪದ ನೋಡಿ, ಹೊಸ ಯೋಜನೆಯ ಉದ್ಘಾಟನೆಯಲ್ಲಿ ‘ಮಂಗಳ ಹಾಡೋಣ’ ಎಂದರೆ ಯೋಜನೆ ಅಲ್ಲೇ ಮುಗಿದಂತೆ.

‘ಅಳಿಲು ಸೇವೆ’ ರಾಮನ ಸೇತುವೆಗೆ ಮರಳು ತಂದ ಅಳಿಲಿನ ಕಥೆಯಿಂದ ಬಂದದ್ದು. ನಮ್ಮ ಕೆಲಸವನ್ನು ನಾವೇ ವಿನಯದಿಂದ ಹೇಳಿಕೊಳ್ಳುವ ಮಾತು ಅದು. ‘ಇದು ನನ್ನ ಅಳಿಲು ಸೇವೆ’ ಎಂದರೆ ಚೆಂದ. ದೇಣಿಗೆ ಕೊಟ್ಟವರನ್ನು ವೇದಿಕೆಗೆ ಕರೆದು ‘ನಿಮ್ಮ ಅಳಿಲು ಸೇವೆಗೆ ಧನ್ಯವಾದ’ ಎಂದರೆ, ಕೊಟ್ಟದ್ದು ಕಡಿಮೆ ಎಂದಂತೆ ಆಗುತ್ತದೆ.

ಇನ್ನು ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’. ಇದು ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂಬಂಥ ಸಣ್ಣ ಮುನಿಸಿಗೆ ಹೇಳಿದ ಮಾತು. ಏಟು ತಿಂದು ಬಂದ ಮಗಳಿಗೆ ಈ ಗಾದೆ ಹೇಳಿ ವಾಪಸ್ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎನ್ನುತ್ತಾರೆ ನಿಜ. ಆದರೆ ಯಾವ ಹೊತ್ತಿಗೆ ಯಾವ ಗಾದೆ ಎಂದು ತಿಳಿಯದಿದ್ದರೆ ಒಳ್ಳೆಯ ಗಾದೆಯೂ ಕೆಟ್ಟದ್ದನ್ನೇ ಮಾಡುತ್ತದೆ.

ಆರನೇ ಹೆಜ್ಜೆ: ಅಚ್ಚಿಗೆ ಹೋಗುವ ಮುಂಚೆ

ಕಾರ್ಡು, ಬ್ಯಾನರು, ಬೋರ್ಡು ಯಾವುದೇ ಇರಲಿ, ಅಂಗಡಿಯವರು ಪ್ರೂಫ್ ತೋರಿಸುವಾಗ ಫೋಟೊ, ಬಣ್ಣ ನೋಡಿ ‘ಓಕೆ’ ಎನ್ನಬೇಡಿ. ಒಂದು ಸಲ ಪದಗಳನ್ನು ಮಾತ್ರ ಓದಿ, ಬೆರಳಿಟ್ಟು, ಒಂದೊಂದಾಗಿ. ಸಾಧ್ಯವಾದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಹಾಗೆ ಓದಿದಾಗ ಅರ್ಥ ಮುಂದೆ ಎಳೆದುಕೊಂಡು ಹೋಗುವುದಿಲ್ಲ, ಅಕ್ಷರ ಕಾಣುತ್ತದೆ. ಮೊಬೈಲಿನಲ್ಲಿ ಟೈಪ್ ಮಾಡುವಾಗ ಕೀಬೋರ್ಡ್ ಮೊದಲು ತೋರಿಸಿದ ಪದವನ್ನೇ ಒತ್ತಬೇಡಿ. ಪಕ್ಕದಲ್ಲಿ ಇನ್ನೆರಡು ಇರುತ್ತವೆ, ನೋಡಿ ಆರಿಸಿ.

ಅನುಮಾನ ಬಂದರೆ ಗೂಗಲ್‌ನಲ್ಲಿ ಎಷ್ಟು ಕಡೆ ಇದೆ ಎಂದು ಎಣಿಸಬೇಡಿ. ಅಲ್ಲಿ ‘ಬಹುಷಃ’ ಎಂಬ ತಪ್ಪು ಕೂಡ ಬೇಕಾದಷ್ಟು ಸಿಗುತ್ತದೆ. ನಿಘಂಟು ನೋಡಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟದ್ದು, ಒಳ್ಳೆಯ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಫೋನಿನಲ್ಲೇ ನೋಡಲು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಇದೆ.

ಬೇರೆಯವರನ್ನು ತಿದ್ದುವಾಗ

ವೇದಿಕೆಯ ಮೇಲಿದ್ದವರನ್ನು ಅಲ್ಲೇ ತಿದ್ದಬೇಡಿ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಎದುರು ಬೇಡ. ಆಮೇಲೆ ಬೇರೆಯಾಗಿ, ‘ಅಣ್ಣಾ, ಮುಂದಿನ ಸಲ ಕಾರ್ಡು ಮಾಡಿಸೋವಾಗ ಆಶೀರ್ವಾದ ಅನ್ನೋ ಕಡೆ ಸ್ವಲ್ಪ ನೋಡಿ’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾರಣವನ್ನೂ ಸೇರಿಸಿ ಹೇಳಿ. ‘ತಪ್ಪು’ ಎಂದಷ್ಟೇ ಹೇಳಿದರೆ ಮನಸ್ಸಿಗೆ ನಾಟುತ್ತದೆ, ಕಾರಣ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ.

ಹೊರದೇಶದಲ್ಲಿ, ಹೊರರಾಜ್ಯದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಒಂದು ಮಾತು. ಮನೆಯ ಗುಂಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ರೂಢಿಯಾಗಿದೆ. ಹಾಗೆ ಬರೆದಾಗ ಲ-ಳ, ನ-ಣ, ಟ-ತ ಒಂದೇ ಆಗಿಬಿಡುತ್ತವೆ. ಮಗುವಿಗೆ ಹಳ್ಳಿ ಯಾವುದು, ಹಲ್ಲಿ ಯಾವುದು, ಬೆಲೆ ಯಾವುದು, ಬೆಳೆ ಯಾವುದು ಎಂದು ಗೊತ್ತಾಗುವುದೇ ಇಲ್ಲ. ದಿನಕ್ಕೆ ಒಂದು ಮೆಸೇಜನ್ನಾದರೂ ಕನ್ನಡ ಅಕ್ಷರದಲ್ಲಿ ಕಳಿಸಿ. ಅಜ್ಜಿ-ತಾತನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಮಗುವಿನ ಕೈಯಲ್ಲಿ ಈ ಜೋಡಿಗಳನ್ನು ಹೇಳಿಸಿ. ಳ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು, ಲ ಹೇಳುವಾಗ ಹಲ್ಲಿನ ಹಿಂದೆಯೇ ನಿಲ್ಲಬೇಕು. ಕನ್ನಡಿಯ ಮುಂದೆ ಬಾಯಿ ತೆರೆದು ತೋರಿಸಿದರೆ ಐದು ವರ್ಷದ ಮಗುವೂ ಕಲಿಯುತ್ತದೆ.